ವಿದ್ಯಾದಾಸೋಹವೂ ಬಡ ವಿದ್ಯಾರ್ಥಿಯೂ

ದಾನಕ್ಕೂ ದಾಸೋಹಕ್ಕೂ ಇರುವ ಅಂತರವನ್ನು ಶರಣಧರ್ಮವನ್ನು ಕೇಳಿಬಲ್ಲ ಸದ್ಭಕ್ತರಿಗೆ ಮತ್ತೆ ವಿಸ್ತರಿಸಿ ಹೇಳಬೇಕಾದುದಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹವೆಂಬ ಶಬ್ದವಾದರೋ ‘ದಾಸೋಽಹಂ’, ಎಂದರೆ ನಾನು ದಾಸನಾಗಿದ್ದೇನೆ, ಎಂಬ ಭಾವದಿಂದ ಹುಟ್ಟಿದುದು. ಅಲ್ಲಿ ಕೊಡುವವನೇ ಸೇವಕನು, ಕೊಳ್ಳುವವನು ಲಿಂಗಸ್ವರೂಪಿ. ಕೊಟ್ಟೆನೆಂಬ ನೆನಪು ಮನಸ್ಸಿನಲ್ಲಿ ಎಳ್ಳಷ್ಟು ಉಳಿದರೂ ದಾಸೋಹವು ಅಲ್ಲಿಗೇ ಭಂಗವಾಗಿ ದಾನದ ಮಟ್ಟಕ್ಕೆ ಇಳಿಯುತ್ತದೆ. ಇಷ್ಟನ್ನೂ ಅರಿತ ಗೃಹಸ್ಥನ ಬಾಗಿಲಿಗೆ ಮಳೆಗಾಲದ ಮೊದಲಲ್ಲಿ ಒಬ್ಬ ಬಡ ಹುಡುಗನು ವಿಶ್ವವಿದ್ಯಾಲಯದ ಶುಲ್ಕದ ಚೀಟಿಯನ್ನು ಹಿಡಿದು ಬಂದು ನಿಂತಾಗ, ಕಲಿತುದೆಲ್ಲವೂ ಹೇಗೆ ಮರೆತುಹೋಗುತ್ತದೆಂಬುದು ವಿಚಾರ ಮಾಡತಕ್ಕ ಸಂಗತಿಯಾಗಿದೆ. ಮನೆಗೆ ಬಂದ ಜಂಗಮಮೂರ್ತಿಗೆ ಮಣೆ ಹಾಕಿ ಪಾದ ತೊಳೆಯುವ ಮನೆಯಲ್ಲಿಯೇ ಆ ಹುಡುಗನು ಕಟ್ಟೆಯ ಕೆಳಗೆ ನಿಂತು, ತಂದೆಯ ಕುಡಿತದಿಂದ ಹಿಡಿದು ಮನೆಯ ಸಾಲದವರೆಗೆ ಎಲ್ಲ ಪ್ರಶ್ನೆಗಳಿಗೂ ಉತ್ತರ ಹೇಳಬೇಕಾಗುತ್ತದೆ. ಅನಂತರ ಸಾವಿರ ರೂಪಾಯಿ ಬರುತ್ತದೆ. ಅದರ ಜೊತೆಗೆ ಸಾವಿರ ರೂಪಾಯಿಯ ಉಪದೇಶವೂ ಬರುತ್ತದೆ.

ಸರ್ಕಾರದ ವಿಶ್ವವಿದ್ಯಾಲಯದಲ್ಲಿ ಫೀಜು ಕಡಿಮೆಯಲ್ಲವೆ, ಅಲ್ಲಿ ಓದುವವನಿಗೆ ಸಹಾಯವೇಕೆ ಎಂದು ಕೇಳುವವರು ಅನೇಕರು. ಖಾಸಗಿ ಕಾಲೇಜುಗಳ ಲಕ್ಷಗಳ ಲೆಕ್ಕವನ್ನು ಕೇಳಿದ ಕಿವಿಗೆ ಈ ಪ್ರಶ್ನೆಯು ಸಹಜವೆಂದು ತೋರಬಹುದು. ಆದರೆ ಬೋಧನಾ ಶುಲ್ಕವು ವಿದ್ಯಾರ್ಥಿಯ ವೆಚ್ಚದಲ್ಲಿ ಒಂದು ಭಾಗ ಮಾತ್ರ. ಹಾವೇರಿಯ ಕಡೆಯ ಹಳ್ಳಿಯೊಂದರಿಂದ ಧಾರವಾಡಕ್ಕೆ ಎಂ.ಎಸ್‌ಸಿ. ಓದಲು ಬಂದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ಅವನಿಗೆ ಎರಡು ಹೊತ್ತಿನ ಊಟ ಬೇಕು, ಮಲಗಲು ಸ್ಥಳ ಬೇಕು, ಪುಸ್ತಕ, ಪರೀಕ್ಷಾ ಶುಲ್ಕ, ಪ್ರಯೋಗಶಾಲೆಯ ದಾಖಲೆ ಪುಸ್ತಕ, ಊರಿಗೆ ಹೋಗಿಬರುವ ಬಸ್ಸಿನ ಹಣ, ಇತ್ತೀಚೆಗೆ ಮೊಬೈಲಿನ ಖರ್ಚು, ಇವೆಲ್ಲವೂ ಬೇಕು. ಇದಕ್ಕೂ ಮಿಗಿಲಾದ ಇನ್ನೊಂದು ವೆಚ್ಚವನ್ನು ಯಾರೂ ಬರೆದಿಡುವುದಿಲ್ಲ. ಇಪ್ಪತ್ತೊಂದು ವಯಸ್ಸಿನ ಮಗನು ಮನೆಯಲ್ಲಿದ್ದರೆ ದಿನಗೂಲಿಯನ್ನಾದರೂ ತರುತ್ತಿದ್ದನು. ಅವನು ಓದಲು ಹೋದನೆಂದರೆ ಆ ಕೂಲಿಯೂ ತಪ್ಪಿತು, ಮೇಲೆ ಖರ್ಚೂ ಬಿದ್ದಿತು. ಬಡತಂದೆಯು ಮಗನನ್ನು ಓದಿಸುವುದೆಂದರೆ ಎರಡೂ ಕೈಗಳಿಂದ ತೆರುವುದಾಗಿದೆ. ಉಳ್ಳವರ ನೂರು ದಾನಗಳನ್ನು ಒಂದು ತಕ್ಕಡಿಯಲ್ಲಿಟ್ಟು ಆ ತಂದೆಯ ತ್ಯಾಗವನ್ನು ಇನ್ನೊಂದರಲ್ಲಿಟ್ಟರೆ ಯಾವುದು ಕೆಳಗೆ ಬಾಗುವುದೆಂಬುದನ್ನು ಹೇಳಬೇಕಾಗಿಲ್ಲ.

ಕನ್ನಡ ನಾಡಿನ ಹಿರಿಯರು ಈ ಮರ್ಮವನ್ನು ಬಹಳ ಹಿಂದೆಯೇ ಅರಿತಿದ್ದರು. ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪಿತವಾದರೂ, ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾಗುವುದಕ್ಕೆ 1917ರವರೆಗೆ ಕಾಯಬೇಕಾಯಿತು. ಆ ಅರುವತ್ತು ವರ್ಷಗಳಲ್ಲಿ ಉತ್ತರ ಕರ್ನಾಟಕದ ಹುಡುಗನು ಪದವೀಧರನಾಗಬೇಕಾದರೆ ಪುಣೆಗೋ ಮುಂಬಯಿಗೋ ಕೊಲ್ಲಾಪುರಕ್ಕೋ ಹೋಗಿ, ಅನ್ಯಭಾಷೆಯ ಊರಿನಲ್ಲಿ ಅನ್ನ ವಸತಿಗಳನ್ನು ಹುಡುಕಿಕೊಳ್ಳಬೇಕಾಗಿತ್ತು. ಒಕ್ಕಲುತನದ ಮನೆಯ ಎಷ್ಟು ಬುದ್ಧಿವಂತ ಮಕ್ಕಳು ಇದೊಂದೇ ಕಾರಣದಿಂದ ಮೆಟ್ರಿಕಿಗೇ ನಿಂತರೋ ಶಿವನೇ ಬಲ್ಲ. ಈ ಕೊರತೆಯನ್ನು ಕಂಡೇ 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಯು ಏರ್ಪಟ್ಟಿತು. ಸಮಾಜದ ಮಕ್ಕಳ ಓದಿಗೆ ನೆರವು ಕೊಡುವುದಕ್ಕಾಗಿಯೇ ಹಣ ಕೂಡಿಸಿದ ಮೊದಲ ಪ್ರಯತ್ನಗಳಲ್ಲಿ ಅದು ಒಂದು. 1904ರಲ್ಲಿ ಅದೇ ಊರಿನಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ ವೀರಶೈವ ಮಹಾಸಭೆಯ ಮೊದಲ ಅಧಿವೇಶನವು ನಡೆದಾಗ ಅಧ್ಯಕ್ಷಪೀಠದಲ್ಲಿದ್ದ ಸಿರಸಂಗಿ ಲಿಂಗರಾಜ ದೇಸಾಯರು ಇದಕ್ಕೂ ಮುಂದಿನ ಹೆಜ್ಜೆಯನ್ನಿಟ್ಟರು. ಅವರು 1906ರಲ್ಲಿ ಲಿಂಗೈಕ್ಯರಾದಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಮರಣಪತ್ರದ ಮೂಲಕ ಮೀಸಲಿಟ್ಟಿದ್ದರು. ದೇಸಗತಿಯ ಭೂಮಿಯ ಉತ್ಪನ್ನವು ಶಾಲೆ ಕಾಲೇಜುಗಳ ಹುಡುಗರಿಗೆ ವಿದ್ಯಾರ್ಥಿವೇತನವಾಗಿ ಹರಿಯಿತು. ಅದನ್ನು ಪಡೆದವರಲ್ಲಿ ಹೆಚ್ಚಿನವರು ದೇಸಾಯರ ಮುಖವನ್ನೇ ಕಂಡವರಲ್ಲ. ದೇಸಾಯರೂ ಅವರ ಮುಖವನ್ನು ಕಂಡವರಲ್ಲ. ಪರಸ್ಪರ ಮುಖ ನೋಡದ ಈ ಕೊಡುಕೊಳ್ಳುವಿಕೆಯಲ್ಲಿ ದಾಸೋಹದ ಒಂದು ಲಕ್ಷಣವು ತಾನಾಗಿ ಸಿದ್ಧಿಸಿತು. ಕೊಂಡವನು ತಲೆ ತಗ್ಗಿಸಬೇಕಾಗಲಿಲ್ಲ.

ಆ ಕಾಲದ ಇನ್ನೊಂದು ಪದ್ಧತಿಯು ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ, ಹೀಗೆ ಏಳು ದಿನಕ್ಕೆ ಏಳು ಮನೆಗಳಲ್ಲಿ ಉಂಡು ಓದಿದವರು ಹಳೆಯ ಮೈಸೂರಿನಲ್ಲಿಯೂ ಮುಂಬಯಿ ಕರ್ನಾಟಕದಲ್ಲಿಯೂ ಬಹಳ ಮಂದಿ. ಅದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಏಳು ಮನೆಗಳೂ ಒಂದೇ ತೆರನಾಗಿರುವುದುಂಟೆ? ಒಂದು ಮನೆಯ ತಾಯಿ ಮಗನಂತೆ ಬಡಿಸಿದರೆ, ಇನ್ನೊಂದು ಮನೆಯಲ್ಲಿ ನೀರು ಹೊರುವ ಕೆಲಸ ಮುಗಿದ ಮೇಲೆಯೇ ಎಲೆ ಬೀಳುತ್ತಿತ್ತು. ಮನೆಯವರು ಊರಿಗೆ ಹೋದ ದಿನ ಹುಡುಗನಿಗೆ ಉಪವಾಸವೇ. ಮಠಗಳು ತೆರೆದ ಉಚಿತ ಪ್ರಸಾದ ನಿಲಯಗಳಲ್ಲಿ ಇದರಿಂದ ಒಂದು ದೊಡ್ಡ ಪರಿವರ್ತನೆಯಾಯಿತು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ನಿಲಯ, ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆಯ ವಿದ್ಯಾರ್ಥಿನಿಲಯ, ತುಮಕೂರಿನ ಸಿದ್ಧಗಂಗೆ, ಇವುಗಳ ಹೆಸರನ್ನು ಕೇಳದ ಗೃಹಸ್ಥರಿಲ್ಲ. ಅಲ್ಲಿ ಬಡಿಸುವುದಕ್ಕೆ ಅನ್ನವೆಂಬ ಹೆಸರೂ ಇಲ್ಲ; ಅದು ಪ್ರಸಾದ. ಅದನ್ನು ಗುರುಗಳೂ ಸ್ವೀಕರಿಸುತ್ತಾರೆ, ಮಠದ ಒಕ್ಕಲೂ ಸ್ವೀಕರಿಸುತ್ತಾನೆ, ಉಳ್ಳವರ ಮಗನೂ ಇಲ್ಲದವರ ಮಗನೂ ಒಂದೇ ಪಂಕ್ತಿಯಲ್ಲಿ ಕುಳಿತು ಸ್ವೀಕರಿಸುತ್ತಾರೆ. ಪ್ರಸಾದವನ್ನು ಬೇಡಿದವನು ಭಿಕ್ಷುಕನೆನಿಸುವುದಿಲ್ಲ. ಹೆಸರೊಂದನ್ನು ಬದಲಿಸಿದ ಮಾತ್ರಕ್ಕೆ ಉಣ್ಣುವವನ ಬೆನ್ನು ನೆಟ್ಟಗಾಗುತ್ತದೆಯೆಂಬುದು ಸಣ್ಣ ಸಂಗತಿಯಲ್ಲ. ಅವನಿಗಾಗಿ ಜೋಳಿಗೆ ಹಿಡಿದು ಊರೂರು ತಿರುಗಿದವರು ಸ್ವತಃ ಗುರುಗಳು. ಹುಡುಗನ ಕೈಗೆ ಜೋಳಿಗೆ ಬರಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 1930ರಲ್ಲಿ ಕಾವಿಯುಟ್ಟ ಮೇಲೆ 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳ ಒಲೆ ಆರದಂತೆ ನೋಡಿಕೊಂಡುದರ ಹಿಂದೆ ಇದ್ದುದು ಹಳ್ಳಿಹಳ್ಳಿಯ ಕಣಗಳಲ್ಲಿ ನಿಂತು ತಂದ ರಾಗಿ ಭತ್ತಗಳೇ.

ಇಂತಹ ನೆರವು ಎಲ್ಲಿ ಹೋಗಿ ಮುಟ್ಟುತ್ತದೆಂಬುದನ್ನು ಕೊಡುವವನು ಲೆಕ್ಕ ಹಾಕಬಾರದು. ಹಾಕಿದರೂ ಅದು ಸಿಕ್ಕುವುದಿಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಸ್ಸಿಗೆ ಹಣವಿಲ್ಲದೆ ಬೆಂಗಳೂರಿಗೆ ಕಾಲ್ನಡೆಯಲ್ಲಿಯೇ ಓದಲು ಬಂದ ಬಡ ಹುಡುಗನೊಬ್ಬನು ಮುಂದೆ ಭೌತಶಾಸ್ತ್ರದ ವಿದ್ವಾಂಸನಾಗಿ, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದನು. ಆತನೇ ಡಾ. ಎಚ್. ನರಸಿಂಹಯ್ಯನವರು. ಕೊನೆಯವರೆಗೂ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿಯೇ ಅವರು ಬಾಳಿದರು. ಪವಾಡಗಳನ್ನು ಪ್ರಶ್ನಿಸಿದ ಅವರ ವಿಚಾರಗಳು ಅನೇಕ ಭಕ್ತರಿಗೆ ಒಪ್ಪಿಗೆಯಾಗಲಿಲ್ಲ, ಆಗಬೇಕಾದುದೂ ಇಲ್ಲ. ಹಸಿದ ಹುಡುಗನಿಗೆ ಬಡಿಸುವಾಗ ಅವನು ಮುಂದೆ ಯಾವ ಮತವನ್ನು ಹಿಡಿದಾನು ಎಂದು ಕೇಳುವುದು ದಾಸೋಹಿಯ ಕೆಲಸವಲ್ಲ.

ಅವನ ಹಿಂದಿನ ಜಾತಿಯನ್ನು ಕೇಳುವುದೂ ಅಲ್ಲ. ಈ ಮಾತನ್ನು ಸಮಾಜದ ಹಿರಿಯರು ತುಸು ಗಟ್ಟಿಯಾಗಿಯೇ ಕೇಳಿಸಿಕೊಳ್ಳಬೇಕಾಗಿದೆ. ಒಂದು ಶತಮಾನದ ಹಿಂದೆ ವಿದ್ಯೆಯಲ್ಲಿ ಹಿಂದುಳಿದಿದ್ದ ಸಮಾಜವು ತನ್ನ ಮಕ್ಕಳಿಗೆಂದು ನಿಧಿ ಕೂಡಿಸಿದುದು ಆಗಿನ ಅವಶ್ಯಕತೆ. ಆದರೆ ಕಲ್ಯಾಣದ ಶರಣರ ಗೋಷ್ಠಿಯಲ್ಲಿ ಮಡಿವಾಳನೂ ಅಂಬಿಗನೂ ಸಮಗಾರನೂ ಕುಳಿತುದನ್ನು ವೇದಿಕೆಯ ಮೇಲೆ ಕೊಂಡಾಡಿ, ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮಾತ್ರ ಒಳಪಂಗಡದ ಹೆಸರನ್ನು ಬರೆಯಿಸಿಕೊಳ್ಳುವುದು ಯಾವ ಶಿವಾಚಾರ? ಬಡೋದೆಯ ಸಯಾಜಿರಾವ್ ಮಹಾರಾಜರು ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯೊಬ್ಬನಿಗೆ ತಿಂಗಳಿಗೆ 25 ರೂಪಾಯಿ ವೇತನವನ್ನು ಕೊಟ್ಟರು. ಊರಿನ ಬಾವಿಯ ನೀರನ್ನು ಮುಟ್ಟಗೊಡದ ಕುಲದಲ್ಲಿ ಹುಟ್ಟಿದ ಆ ವಿದ್ಯಾರ್ಥಿಯು 1912ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವೀಧರನಾದನು, ಮಹಾರಾಜರ ನೆರವಿನಿಂದಲೇ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೂ ಹೋದನು. ಭೀಮರಾವ್ ಅಂಬೇಡ್ಕರರ ಕೈಯಿಂದ ಮುಂದೆ ನಡೆದ ಸಂವಿಧಾನದ ಕಾರ್ಯವನ್ನು ಎಲ್ಲರೂ ಬಲ್ಲರು. ಆ ಅರಸರು ಆಗ ತಮ್ಮ ಕುಲದ ಹುಡುಗನನ್ನೇ ಹುಡುಕುತ್ತ ಕುಳಿತಿದ್ದರೆ?

ಈಗಿನ ಕಾಲದಲ್ಲಿ ಸರ್ಕಾರವೇ ದೊಡ್ಡ ದಾಸೋಹಿಯ ಸ್ಥಾನದಲ್ಲಿ ನಿಂತಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಸ್ವಾತಂತ್ರ್ಯಕ್ಕೂ ಮೊದಲೇ, 1944ರಲ್ಲಿ, ಆರಂಭವಾಯಿತು. ಕರ್ನಾಟಕದಲ್ಲಿ 2013–14ರಲ್ಲಿ ಬಂದ ವಿದ್ಯಾಸಿರಿ ಯೋಜನೆಯು ಸರ್ಕಾರಿ ಹಾಸ್ಟೆಲಿನಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗೆ ಊಟ ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ಕೊಡುವುದೆಂದು ಗೊತ್ತುಮಾಡಿತು. 2021ರಲ್ಲಿ ರೈತರ ಮಕ್ಕಳಿಗಾಗಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ ಎಂದು ನಿಗದಿಯಾಯಿತು. ಕೇಂದ್ರ ಸರ್ಕಾರದ ಯೋಜನೆಯೊಂದು, ತಂದೆತಾಯಿಯರ ವಾರ್ಷಿಕ ಆದಾಯವು ನಾಲ್ಕೂವರೆ ಲಕ್ಷವನ್ನು ಮೀರದ, ಹನ್ನೆರಡನೆಯ ತರಗತಿಯಲ್ಲಿ ಮೇಲ್ಮಟ್ಟದ ಅಂಕ ಪಡೆದ ಮಕ್ಕಳಿಗೆ ಪದವಿಯಲ್ಲಿ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000 ರೂಪಾಯಿಗಳನ್ನು ನೇರವಾಗಿ ಬ್ಯಾಂಕಿನ ಖಾತೆಗೆ ಹಾಕುತ್ತದೆ. 2023ರ ಜೂನ್ ತಿಂಗಳಲ್ಲಿ ಬಂದ ಶಕ್ತಿ ಯೋಜನೆಗೆ ವಿದ್ಯಾರ್ಥಿವೇತನವೆಂಬ ಹೆಸರಿಲ್ಲ. ಆದರೂ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವ ಹೆಣ್ಣುಮಗಳಿಗೆ ಅದರಿಂದಾದ ಅನುಕೂಲವು ಯಾವ ವೇತನಕ್ಕೂ ಕಡಿಮೆಯಾದುದಲ್ಲ. ಕಲಬುರಗಿ, ಬೆಳಗಾವಿ, ದಾವಣಗೆರೆ, ತುಮಕೂರುಗಳಲ್ಲಿ ವಿಶ್ವವಿದ್ಯಾಲಯಗಳಾದುದೂ, 2003ರಲ್ಲಿ ವಿಜಯಪುರದಲ್ಲಿ ಹೆಣ್ಣುಮಕ್ಕಳಿಗಾಗಿಯೇ ಒಂದಾಗಿ ಅದಕ್ಕೆ ಮುಂದೆ ಅಕ್ಕಮಹಾದೇವಿಯ ಹೆಸರು ಬಂದುದೂ ಇದೇ ಬಗೆಯ ಉಪಕಾರ.

ಹಾಗಾದರೆ ಗೃಹಸ್ಥನಿಗೆ ಉಳಿದ ಕೆಲಸವೇನು? ಮೊದಲು ಆ 1,500 ರೂಪಾಯಿಯನ್ನು ತಿಂಗಳ ಮೂವತ್ತು ದಿನಗಳಿಗೆ ಹಂಚಿ ನೋಡಬೇಕು. ದಿನಕ್ಕೆ 50 ರೂಪಾಯಿ. ಅದರಲ್ಲಿಯೇ ಬಾಡಿಗೆ, ಅದರಲ್ಲಿಯೇ ಊಟ. ಕೇಂದ್ರದ 12,000ವಾದರೆ ತಿಂಗಳಿಗೆ ಸಾವಿರ. ಮೊತ್ತದ ಮಾತು ಹಾಗಿರಲಿ, ಅದಕ್ಕಿಂತ ಕಠಿಣವಾದುದು ಕಾಲದ ಮಾತು. ಕಾಲೇಜು ತೆರೆಯುವುದು ಮುಂಗಾರಿನಲ್ಲಿ. ಶುಲ್ಕ, ಮೆಸ್ಸಿನ ಮುಂಗಡ, ಪುಸ್ತಕ ಎಲ್ಲವೂ ಆಗಲೇ ಬೇಕು. ಅರ್ಜಿಯನ್ನು ಸಲ್ಲಿಸಿ, ಅದನ್ನು ಕಾಲೇಜು ಪರಿಶೀಲಿಸಿ, ಜಾತಿ ಆದಾಯಗಳ ಪ್ರಮಾಣಪತ್ರಗಳು ತಾಳೆಯಾಗಿ, ಆಧಾರ್ ಸಂಖ್ಯೆಯು ಬ್ಯಾಂಕಿನ ಖಾತೆಗೆ ಜೋಡಣೆಯಾಗಿ, ಅನುದಾನವು ಬಿಡುಗಡೆಯಾಗಿ, ಹಣವು ಹುಡುಗನ ಕೈಗೆ ಬರುವಷ್ಟರಲ್ಲಿ ಅನೇಕ ಸಲ ಸುಗ್ಗಿಯೇ ಮುಗಿದಿರುತ್ತದೆ. ಹೆಸರಿನ ಒಂದು ಅಕ್ಷರವು ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು ಬಗೆಯಾಗಿದ್ದರೆ ಇನ್ನೂ ತಡ. ಆ ನಡುವಿನ ತಿಂಗಳುಗಳನ್ನು ಅವನು ಹೇಗೆ ಕಳೆಯಬೇಕು? ಊರಿನ ಬಡ್ಡಿ ಸಾಲದಿಂದ ಕಳೆಯುತ್ತಾನೆ. ಇಲ್ಲವೆ ಒಂದು ಹೊತ್ತು ಉಂಡು ಕಳೆಯುತ್ತಾನೆ. ಎರಡೂ ಆಗದಿದ್ದರೆ ದೀಪಾವಳಿಗೆಂದು ಊರಿಗೆ ಹೋದವನು ಮರಳಿ ಬರುವುದೇ ಇಲ್ಲ. ಅವನ ಹೆಸರು ಹಾಜರಿ ಪುಸ್ತಕದಲ್ಲಿ ಕೆಲವು ವಾರ ಕೂಗಿಸಿಕೊಂಡು ಆಮೇಲೆ ನಿಲ್ಲುತ್ತದೆ. ಹಣವು ಬಂದಾಗ ಪಡೆಯುವವನು ಇಟ್ಟಿಗೆ ಭಟ್ಟಿಯಲ್ಲಿಯೋ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿಯೋ ಇರುತ್ತಾನೆ.

ಹಸಿದಾಗ ಬಡಿಸದೆ ಮರುದಿನ ಮೃಷ್ಟಾನ್ನವಿಕ್ಕುವುದನ್ನು ದಾಸೋಹವೆಂದು ಯಾರೂ ಕರೆಯರು. ಸರ್ಕಾರದ ರೂಪಾಯಿಗೆ ಸರ್ಕಾರದ ನಡಿಗೆ. ಆ ನಡಿಗೆಯನ್ನು ತ್ವರೆಗೊಳಿಸುವುದು ಭಕ್ತನೊಬ್ಬನ ಕೈಯಲ್ಲಿಲ್ಲ. ಆದರೆ ಊರಿನ ಮಠ, ಅಕ್ಕನ ಬಳಗ, ಬಸವ ಸಮಿತಿ ಇವುಗಳಲ್ಲಿ ಒಂದಿಷ್ಟು ಹಣವನ್ನು ಇದಕ್ಕೆಂದೇ ಬೇರೆಯಾಗಿಟ್ಟರೆ, ಆಷಾಢದಲ್ಲಿ ಬಡ್ಡಿಯಿಲ್ಲದೆ ಕೊಟ್ಟು, ವಿದ್ಯಾರ್ಥಿವೇತನವು ಬಂದಾಗ ಹಿಂದಕ್ಕೆ ಪಡೆದು, ಮುಂದಿನ ಆಷಾಢದಲ್ಲಿ ಇನ್ನೊಬ್ಬನಿಗೆ ಕೊಡಬಹುದು. ಹತ್ತು ಮಂದಿಗೆ ಸಾಲುವಷ್ಟು ಹಣವು ಹತ್ತು ವರ್ಷದಲ್ಲಿ ನೂರು ಮಂದಿಯ ಕೈ ಹಿಡಿಯುತ್ತದೆ. ಹಿಂದಿರುಗಿಸಲಾಗದವನಿದ್ದರೆ ಅವನನ್ನು ಕಾಡಬಾರದು. ಅಷ್ಟು ಭಾಗವು ಲಿಂಗಾರ್ಪಿತವಾಯಿತೆಂದು ಬರೆದುಕೊಂಡರಾಯಿತು. ಹಣವಿಲ್ಲದ ಭಕ್ತರಿಗೂ ಇಲ್ಲಿ ಸೇವೆಯುಂಟು. ನಾಡಕಚೇರಿಯ ಕೆಲಸವನ್ನು ಬಲ್ಲ ನಿವೃತ್ತ ಗುಮಾಸ್ತರೊಬ್ಬರು ಅರ್ಜಿ ತುಂಬುವ ದಿನಗಳಲ್ಲಿ ವಾರಕ್ಕೊಮ್ಮೆ ಮಠದ ಜಗುಲಿಯ ಮೇಲೆ ಕುಳಿತು ಮಕ್ಕಳ ಕಾಗದಗಳನ್ನು ನೋಡಿ ತಿದ್ದಿಕೊಟ್ಟರೆ, ಅದು ಚೆಕ್ಕು ಬರೆದವರ ಸೇವೆಗಿಂತ ಎಳ್ಳಷ್ಟೂ ಕಿರಿದಲ್ಲ. ಅಕ್ಷರ ಬಾರದ ತಂದೆಯ ಮಗನಿಗೆ ಆ ಗುಮಾಸ್ತರೇ ಗುರು.

ಇನ್ನು ಹೇಳಲು ಕಹಿಯಾದ, ಆದರೆ ಹೇಳದೆ ಬಿಡಬಾರದ ಒಂದು ಮಾತು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಶ್ರಾವಣದ ಪ್ರವಚನದಲ್ಲಿ ಕೇಳದ ಮನೆಯಿಲ್ಲ. ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಿತು. ಲಕ್ಕಮ್ಮನು ಉಡಿಯನ್ನು ನೋಡಿದೊಡನೆಯೇ ಅರಿತಳು. ಇದು ನಿತ್ಯದ ಅಳತೆಯಲ್ಲ, ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರಬೇಕೆಂದು ಪತಿಯನ್ನು ಮರಳಿ ಕಳುಹಿಸಿದಳು. ಆ ಅಕ್ಕಿಯು ಕದ್ದುದಲ್ಲ, ಯಾರೂ ಕೇಳುವವರಿರಲಿಲ್ಲ, ಮನೆಯಲ್ಲಿ ಬಡತನವೂ ಇದ್ದಿತು. ಆದರೂ ತನ್ನ ಅವಶ್ಯಕತೆಗೆ ಮೀರಿದುದು ಮತ್ತೊಬ್ಬರ ಪಾಲು ಎಂಬುದು ಆ ತಾಯಿಯ ಲೆಕ್ಕ.

ಈ ಕಥೆಗೆ ತಲೆದೂಗಿ ಮನೆಗೆ ಮರಳಿದ ಗೃಹಸ್ಥನು, ನೀರಾವರಿ ಭೂಮಿ, ಪೇಟೆಯಲ್ಲಿ ಅಂಗಡಿ, ಬಾಡಿಗೆ ಬರುವ ಮನೆ ಇಷ್ಟೆಲ್ಲ ಇದ್ದೂ, ಮಗನ ವಿದ್ಯಾರ್ಥಿವೇತನಕ್ಕಾಗಿ ಬಡವನೆಂಬ ಆದಾಯ ಪ್ರಮಾಣಪತ್ರವನ್ನು ಮಾಡಿಸುತ್ತಾನೆ. ಎಲ್ಲರೂ ಮಾಡಿಸುತ್ತಾರೆ, ಸರ್ಕಾರದ ಹಣವಲ್ಲವೆ ಎಂಬುದು ಅವನ ಸಮಾಧಾನ. ಹಾಸ್ಟೆಲಿನ ಸ್ಥಳಗಳು ಎಣಿಸಿಟ್ಟವು. ಅನೇಕ ವೇತನಗಳ ಸಂಖ್ಯೆಯೂ ಎಣಿಸಿಟ್ಟುದು. ಅವನ ಮಗನು ಹಾಸ್ಟೆಲಿನ ಮಂಚವೊಂದನ್ನು ಹತ್ತಿದನೆಂದರೆ ಕೂಲಿಕಾರನ ಮಗನೊಬ್ಬನು ಆ ಮಂಚದಿಂದ ಇಳಿದನೆಂದೇ ಅರ್ಥ. ಈ ಎರಡನೆಯ ಹುಡುಗನು ಕಣ್ಣಿಗೆ ಕಾಣುವುದಿಲ್ಲ, ಹೆಸರು ಗೊತ್ತಿಲ್ಲ, ಆದುದರಿಂದ ಪಾಪವೂ ಕಾಣುವುದಿಲ್ಲ. ಹಣೆಯ ಮೇಲೆ ವಿಭೂತಿಯನ್ನು ಧರಿಸಿ, ಕರದಲ್ಲಿ ಲಿಂಗವನ್ನು ಹಿಡಿದು, ಅದೇ ಕೈಯಿಂದ ಸುಳ್ಳು ಪತ್ರಕ್ಕೆ ರುಜು ಹಾಕಿದವನು ವರ್ಷದ ಕೊನೆಗೆ ಮಠಕ್ಕೆ ಹತ್ತು ಮೂಟೆ ಅಕ್ಕಿಯನ್ನು ಕಳುಹಿಸಿದರೆ ಅದು ಯಾವ ಲೆಕ್ಕಕ್ಕೆ ಸೇರಬೇಕು? ಲಕ್ಕಮ್ಮನು ಇದ್ದಿದ್ದರೆ ಆ ಮೂಟೆಗಳನ್ನು ಬಾಗಿಲೊಳಗೆ ಇಳಿಸಗೊಡುತ್ತಿದ್ದಳೆ? ಸತ್ಯಶುದ್ಧ ಕಾಯಕದಿಂದ ಬಂದುದು ಮಾತ್ರವೇ ದಾಸೋಹಕ್ಕೆ ಯೋಗ್ಯವೆಂಬ ನಿಯಮದಲ್ಲಿ ವಿದ್ಯಾರ್ಥಿವೇತನಕ್ಕೆ ವಿನಾಯಿತಿಯಿಲ್ಲ. ಆದಾಯದ ಮಿತಿಯು ತೀರ ಕೆಳಗಿದೆ, ಮಧ್ಯಮರಿಗೆ ಎಲ್ಲಿಯೂ ಸ್ಥಳವಿಲ್ಲ ಎಂಬ ದೂರಿನಲ್ಲಿ ನಿಜಾಂಶವುಂಟು. ಅದನ್ನು ಶಾಸಕರ ಮುಂದೆ ಹೇಳಲಿ, ಮಹಾಸಭೆಯಲ್ಲಿ ನಿರ್ಣಯ ಮಾಡಲಿ. ಪತ್ರವನ್ನು ಮಾತ್ರ ಸುಳ್ಳಾಗಿಸಬಾರದು. ಬ್ಯಾಂಕಿನ ವಿದ್ಯಾಸಾಲವೂ ಇರುವುದು ಅಂತಹವರಿಗಾಗಿಯೇ. ಸಾಲವು ದಾಸೋಹವಲ್ಲವೆಂಬುದು ದಿಟ. ಆದರೆ ಮಾಡಿ ತೀರಿಸಿದ ಸಾಲಕ್ಕೆ ಯಾರ ಮುಂದೆಯೂ ಕಣ್ಣು ತಗ್ಗಿಸಬೇಕಾದುದಿಲ್ಲ.

ಕೊಡುವ ರೀತಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಜಾತ್ರೆಯ ಧರ್ಮಸಭೆಯಲ್ಲಿ ಬಡ ಹುಡುಗಿಯೊಬ್ಬಳನ್ನು ವೇದಿಕೆಗೆ ಕರೆದು, ಬಡತನವನ್ನು ಧ್ವನಿವರ್ಧಕದಲ್ಲಿ ಸಾರಿ, ಎಂಟು ಮಂದಿ ಗಣ್ಯರು ಒಂದು ಲಕೋಟೆಯ ತುದಿಯನ್ನು ಹಿಡಿದು ಛಾಯಾಚಿತ್ರಕ್ಕೆ ನಿಲ್ಲುವ ಪದ್ಧತಿಯನ್ನು ಇನ್ನಾದರೂ ಬಿಡುವುದು ಲೇಸು. ಆ ಹುಡುಗಿಯ ಸಹಪಾಠಿಗಳು ಸಭೆಯಲ್ಲಿಯೇ ಕುಳಿತಿರುತ್ತಾರೆ. ಪ್ರಥಮ ವರ್ಷದಲ್ಲಿ ಎಲ್ಲರೂ ಕೊಡುತ್ತಾರೆ, ಪ್ರವೇಶದ ಉತ್ಸಾಹವಿರುತ್ತದೆ. ಎರಡನೆಯ ವರ್ಷದ ನಡುವಿನಲ್ಲಿ ಮೆಸ್ಸಿನ ಬಾಕಿ ಬೆಳೆದಾಗ ಕೇಳುವವರಿಲ್ಲ. ಆಗ ವಿಚಾರಿಸಿದವನೇ ನಿಜವಾದ ನೆಂಟನು. ಅಂಕ ಕಡಿಮೆಯಾಯಿತೆಂದು ಒಮ್ಮೆಗೇ ನೆರವನ್ನು ನಿಲ್ಲಿಸುವುದೂ ಸರಿಯಲ್ಲ. ರಾತ್ರಿ ಹೋಟೆಲಿನಲ್ಲಿ ದುಡಿದು ಹಗಲು ತರಗತಿಯಲ್ಲಿ ಕುಳಿತವನ ಅಂಕಗಳನ್ನು, ತಾಯಿ ಕಾಯಿಸಿಕೊಟ್ಟ ಹಾಲು ಕುಡಿದು ಓದಿದವನ ಅಂಕಗಳ ಪಕ್ಕದಲ್ಲಿಟ್ಟು ತೂಗಬಾರದು.

ಪದವಿ ತರಗತಿಗಳ ಪ್ರವೇಶದ ದಿನಗಳೂ ಮಠಗಳಲ್ಲಿ ಶ್ರಾವಣ ಮಾಸದ ಪ್ರವಚನದ ದಿನಗಳೂ ಹೆಚ್ಚು ಕಡಿಮೆ ಕೂಡಿಯೇ ಬರುತ್ತವೆ. ಪ್ರವಚನದ ಒಂದೊಂದು ದಿನದ ಪ್ರಸಾದಕ್ಕೂ ಒಬ್ಬೊಬ್ಬ ಭಕ್ತರು ಹೆಸರು ಬರೆಯಿಸುವ ಪದ್ಧತಿಯುಂಟು. ಆ ಪಟ್ಟಿಯ ಪಕ್ಕದಲ್ಲಿಯೇ, ಹೆಸರನ್ನು ಕೂಗಿ ಹೇಳದಂತೆ, ಇನ್ನೊಂದು ಪಟ್ಟಿಯನ್ನಿಡಬಹುದು. ಒಬ್ಬ ವಿದ್ಯಾರ್ಥಿಯ ಒಂದು ತಿಂಗಳ ಊಟ, ಒಬ್ಬಳ ಪರೀಕ್ಷಾ ಶುಲ್ಕ, ಇಬ್ಬರ ಪುಸ್ತಕಗಳು, ಹೀಗೆ ಯಾರ ಶಕ್ತಿಗೆ ಯಾವುದೋ ಅದು. ಹಣವು ಮಕ್ಕಳ ಕೈಗೆ ಬರಬೇಕೆಂದಿಲ್ಲ. ಕಾಲೇಜಿನ ಕಚೇರಿಗೋ ವಸತಿನಿಲಯದ ಮೆಸ್ಸಿನ ಖಾತೆಗೋ ಕೊನೆಯ ದಿನಾಂಕಕ್ಕೆ ಮೊದಲೇ ಹೋಗಿ ಸೇರಿದರೆ ಸಾಕು. ಅದು ಯಾರ ಹಣವೆಂಬುದು ಮಠದ ಲೆಕ್ಕದ ಪುಸ್ತಕಕ್ಕೆ ಗೊತ್ತಿದ್ದರೆ ಸಾಕು, ಹುಡುಗನಿಗೆ ಗೊತ್ತಾಗಬೇಕಾದುದಿಲ್ಲ.